ಅಣ್ಣ ಬಿಟ್ಟುಹೋದ 'ಅಟ್ ಫಿಲ್ಮೋರ್ ಈಸ್ಟ್': ನಾಲ್ಕನೆಯ ಮಗ್ಗುಲಲ್ಲಿ ಸೂಜಿ ಹಾರುತ್ತಿದೆ, ಯಾವುದನ್ನು ಕೊಳ್ಳಲಿ?

ಕುಕ್ಕರಹಳ್ಳಿ ಕೇಳುತ್ತಾರೆ:

ನನಗೆ ಅರವತ್ತೆರಡು ವರ್ಷ. ಮೈಸೂರಿನಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ರಾಕ್ ಸಂಗೀತವನ್ನು ಕಿವಿಗೊಟ್ಟು ಕೇಳತೊಡಗಿ ಎಂಟು ತಿಂಗಳಷ್ಟೇ ಆಗಿದೆ. ಹಾಗಾಗಿ ತಪ್ಪು ಹೇಳಿದರೆ ದಯವಿಟ್ಟು ತಿದ್ದಿ.

ನನ್ನ ಅಣ್ಣ 1979ರಲ್ಲಿ ಓದಲೆಂದು ಅಟ್ಲಾಂಟಾಕ್ಕೆ ಹೋದವನು ಐದು ವರ್ಷದ ನಂತರ ಮರಳಿ ಬಂದ. ಬರುವಾಗ ಒಂದು ಟ್ರಂಕಿನ ತುಂಬ ರೆಕಾರ್ಡುಗಳಿದ್ದವು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದ. ಒಳಗೆ ಅಮ್ಮ ಮಲಗಿರುತ್ತಿದ್ದಳು, ಅದಕ್ಕೇ ಹೆಡ್‌ಫೋನ್. ಅವನು ಕೇಳುತ್ತಿದ್ದುದು ಏನೆಂದು ನಮಗೆ ಯಾರಿಗೂ ತಿಳಿಯಲಿಲ್ಲ, ಕಾಣುತ್ತಿದ್ದುದು ತೊಡೆಯ ಮೇಲೆ ಬಡಿಯುತ್ತಿದ್ದ ಬೆರಳುಗಳು ಮಾತ್ರ. ಒಂದು ರೆಕಾರ್ಡು ಹಾಕಿದಾಗ ಆ ಬೆರಳುಗಳ ಲೆಕ್ಕ ನನಗೆ ಹೊಂದುತ್ತಲೇ ಇರಲಿಲ್ಲ. ನಾನು ಮನಸ್ಸಿನಲ್ಲೇ ಹನ್ನೆರಡು ಎಣಿಸುವಷ್ಟರಲ್ಲಿ ಅವನು ಮತ್ತೆ ಮೊದಲಿಗೆ ಬಂದಿರುತ್ತಿದ್ದ. ನಾನು ಆಗಲೇ ಜೂನಿಯರ್ ಪರೀಕ್ಷೆ ಮುಗಿಸಿದ್ದೆ. 'ನಿನಗೆ ತಾಳ ನಿಲ್ಲುವುದಿಲ್ಲ ಅಣ್ಣ' ಎನ್ನುತ್ತಿದ್ದೆ. ಅವನು ನಕ್ಕು ಸುಮ್ಮನಾಗುತ್ತಿದ್ದ.

ಹೋದ ವರ್ಷ ಅಣ್ಣ ತೀರಿಕೊಂಡ. ಟ್ರಂಕು ನನ್ನ ಮನೆಗೆ ಬಂತು. ಅದರಲ್ಲಿ ಬಹಳ ಸವೆದಿದ್ದದ್ದು ಅಮೆರಿಕದ ರಾಕ್ ತಂಡ ಆಲ್‌ಮನ್ ಬ್ರದರ್ಸ್ ಬ್ಯಾಂಡಿನ 'ಅಟ್ ಫಿಲ್ಮೋರ್ ಈಸ್ಟ್', 1971ರ ಜೋಡಿ ರೆಕಾರ್ಡು. ಕಪ್ಪು ಬಿಳುಪು ಚಿತ್ರ, ಇಟ್ಟಿಗೆ ಗೋಡೆ, ರಾಶಿ ಹಾಕಿದ ಪೆಟ್ಟಿಗೆಗಳು, ಅವುಗಳ ಮುಂದೆ ನಗುತ್ತಿರುವ ಆರು ಜನ. ರಟ್ಟಿನ ಅಂಚು ಬಟ್ಟೆಯಷ್ಟು ಮೆತ್ತಗಾಗಿದೆ.

ಗದ್ದಲವಿರುತ್ತದೆ ಎಂದುಕೊಂಡೇ ಕೇಳಲು ಕೂತೆ. ಮೂರನೆಯ ಮಗ್ಗುಲಿನ 'ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್' ಶುರುವಾದಾಗ ಎದ್ದು ಹೋಗಿ ಒಲೆ ಆರಿಸಿ ಬಂದೆ. ಆರಂಭದಲ್ಲಿ ಗಿಟಾರಿನ ನಾದ ಮೀಟಿನ ಪೆಟ್ಟೇ ಇಲ್ಲದೆ ಮೊಗ್ಗು ಬಿರಿದಂತೆ ಬರುತ್ತದೆ, ಕಮಾನು ತಂತಿಗೆ ತಾಕುವ ಕ್ಷಣ ಕೇಳದ ಹಾಗೆ. ಇದನ್ನು ಸಾಧಿಸಲು ನಾವು ವರ್ಷಗಟ್ಟಲೆ ಕೈ ನೋಯಿಸಿಕೊಳ್ಳುತ್ತೇವೆ. ಆಮೇಲೆ ಎರಡು ಗಿಟಾರುಗಳು ಜೊತೆಯಾಗಿ ನಡೆಯುತ್ತವೆ. ಬಳಿಕ ಒಬ್ಬೊಬ್ಬರೇ ಬಿಡಿಸುತ್ತಾ ಹೋಗುತ್ತಾರೆ, ಯಾರಿಗೂ ಅವಸರವಿಲ್ಲ. ಸ್ವರಗಳನ್ನು ಹಿಡಿದು ನೋಡಿದೆ, ಖರಹರಪ್ರಿಯದ ಸ್ವರಗಳೇ ಸಿಕ್ಕವು. ರಾಗ ಎಂದು ಹೇಳುತ್ತಿಲ್ಲ, ಗಮಕದ ದಾರಿಯೇ ಬೇರೆ. ಆದರೂ ಹದಿಮೂರು ನಿಮಿಷ ನನ್ನ ಕಿವಿಗೆ ಪರಸ್ಥಳ ಎನಿಸಲಿಲ್ಲ.

ತೊಂದರೆ ಇರುವುದು ನಾಲ್ಕನೆಯ ಮಗ್ಗುಲಲ್ಲಿ. ಆ ಇಡೀ ಮಗ್ಗುಲು ಒಂದೇ ಹಾಡು, 'ವಿಪಿಂಗ್ ಪೋಸ್ಟ್'. ಬೇಸ್ ಗಿಟಾರ್ ಶುರುವಾದ ಕೂಡಲೇ ಗೀರಿನ ಮೇಲೆ ಸೂಜಿ ಹಾರುತ್ತದೆ, ಮತ್ತೆ ಹಾರುತ್ತದೆ, ಎಲ್ಲೋ ಮುಂದೆ ಹೋಗಿ ಹಿಡಿಯುತ್ತದೆ. ಹೊಸದನ್ನು ಕೊಳ್ಳಬೇಕು. ಅಂಗಡಿಯಾತ ಹಳೆಯದು, 1992ರದು, 2014ರದು ಎಂದು ಮೂರು ಬಗೆ ಹೇಳಿ ನನ್ನನ್ನು ಗೊಂದಲಕ್ಕೆ ಕೆಡವಿದ. ಅಣ್ಣ ಕೇಳಿದ್ದನ್ನೇ ಕೇಳಬೇಕು ಎಂಬುದು ನನ್ನ ಆಸೆ. ಯಾವುದನ್ನು ಕೊಳ್ಳಲಿ? ಈ ರೆಕಾರ್ಡನ್ನು ಬಹುಕಾಲ ಕೇಳಿದವರು ಇದರಲ್ಲಿ ಏನನ್ನು ಹುಡುಕಿಕೊಂಡು ಹೋಗುತ್ತೀರಿ, ಅದನ್ನೂ ಹೇಳಿ.

ಹಳೆಯ ಕ್ಯಾಸೆಟ್ ಉತ್ತರಿಸುತ್ತಾರೆ:

ಮೇಡಂ, ಕೊಳ್ಳುವ ವಿಷಯ ಮೊದಲು. ಏಳು ಹಾಡುಗಳ ಮೂಲ ಜೋಡಣೆಯನ್ನೇ ಕೊಳ್ಳಿ. ಅದು ಇಂದಿಗೂ ರೆಕಾರ್ಡಾಗಿಯೂ ಸಿ.ಡಿ. ಆಗಿಯೂ ಬರುತ್ತಿದೆ. 1992ರ 'ದಿ ಫಿಲ್ಮೋರ್ ಕಾನ್ಸರ್ಟ್ಸ್' ಅನ್ನು ನಿರ್ಮಾಪಕ ಟಾಮ್ ಡೌಡ್ ಹೊಸದಾಗಿ ಮಿಶ್ರಣ ಮಾಡಿದ. ಹಾಡುಗಳು ಹೆಚ್ಚಿವೆ, ಕ್ರಮ ಬೇರೆ. 2014ರದು ಆರು ಸಿ.ಡಿ.ಗಳ ಪೆಟ್ಟಿಗೆ: 1971ರ ಮಾರ್ಚ್ 12 ಮತ್ತು 13ರ ನಾಲ್ಕು ಪ್ರದರ್ಶನಗಳು, ಜೊತೆಗೆ ಅದೇ ವರ್ಷ ಜೂನ್ 27ರಂದು ಫಿಲ್ಮೋರ್ ಈಸ್ಟ್ ರಂಗಮಂದಿರ ಮುಚ್ಚಿದ ರಾತ್ರಿಯ ಕಛೇರಿ. ಅದು ಅಭ್ಯಾಸಿಗಳಿಗೆ. ಒಂದೇ ಹಾಡನ್ನು ನಾಲ್ಕು ಸಲ ಹೇಗೆ ಬೇರೆಬೇರೆಯಾಗಿ ನುಡಿಸಿದರು ಎಂದು ನೋಡಬೇಕಾದವರಿಗೆ ಅದು ನಿಧಿ. ನಿಮಗೆ ಈಗಲೇ ಬೇಡ.

ಡೌಡ್ ಮೂಲ ರೆಕಾರ್ಡಿಗೆ ಕತ್ತರಿ ಹಾಕಿದ್ದಾನೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಹಾಕಿದ್ದಾನೆ, ನಿಜ. 'ಸ್ಟಾರ್ಮಿ ಮಂಡೇ'ಯಲ್ಲಿ ಟಾಮ್ ಡೌಸೆಟ್ ನುಡಿಸಿದ ಹಾರ್ಮೋನಿಕಾದ ಸರದಿಯನ್ನು ತೆಗೆದುಹಾಕಿದ. 'ಯು ಡೋಂಟ್ ಲವ್ ಮಿ'ಯಲ್ಲಿ ಎರಡು ಬೇರೆ ಪ್ರದರ್ಶನಗಳ ಟೇಪುಗಳನ್ನು ಅಂಟಿಸಿದ. ಬ್ಯಾಂಡಿನವರು ಸ್ಯಾಕ್ಸೋಫೋನ್ ನುಡಿಸುವವರನ್ನೂ ವೇದಿಕೆಗೆ ಕರೆತಂದಿದ್ದಾಗ ಅವರು ಬೇಡವೇ ಬೇಡ ಎಂದು ಪಟ್ಟು ಹಿಡಿದವನೂ ಅವನೇ. ನನ್ನ ಕೇಳಿದರೆ ಮೂರೂ ಸರಿಯಾದ ತೀರ್ಮಾನಗಳು. ಹಾರ್ಮೋನಿಕಾ ಮರಳಿ ಬಂದಿರುವ ರೂಪವನ್ನು ಕೇಳಿದ್ದೇನೆ. ಚೆನ್ನಾಗಿಯೇ ಇದೆ, ಆದರೆ ಹಾಡಿನ ಉಸಿರು ಅಲ್ಲಿ ಸಡಿಲವಾಗುತ್ತದೆ.

ಇನ್ನು ನನ್ನ ಅಭಿಪ್ರಾಯ, ನಿಮ್ಮದಕ್ಕೆ ಸ್ವಲ್ಪ ವಿರುದ್ಧವೇ. ಈ ರೆಕಾರ್ಡಿನ ಜೀವ ಉದ್ದದ ವಾದನದಲ್ಲಿಲ್ಲ, ಮೊದಲ ಮಗ್ಗುಲಿನ ಬ್ಲೂಸ್‌ನಲ್ಲಿದೆ, ಅಂದರೆ ಅಮೆರಿಕದ ಕರಿಯರ ನೋವಿನ ಹಾಡಿನಲ್ಲಿ. ಎರಡನೆಯ ಮಗ್ಗುಲಿನ ಹತ್ತೊಂಬತ್ತು ನಿಮಿಷಗಳಲ್ಲಿ ನನಗೆ ನಡುವೆ ದಾರಿ ತಪ್ಪುತ್ತದೆ, ಮೂವತ್ತು ವರ್ಷ ಕೇಳಿದರೂ ತಪ್ಪುತ್ತದೆ. ಎಲ್ಲ ವಾದ್ಯಗಳೂ ನಿಂತು ಗಿಟಾರಿನ ಡ್ವೇನ್ ಆಲ್‌ಮನ್ ಒಬ್ಬನೇ ಉಳಿಯುವ ಜಾಗ ಮಾತ್ರ ಬೇರೆ. ಅಲ್ಲಿ ಸಭೆಯಿಂದ ಯಾರೋ 'ರಾತ್ರಿಯಿಡೀ ನುಡಿಸಿ' ಎಂದು ಕೂಗುವುದು ಕೇಳಿಸುತ್ತದೆ. ಆ ಕೂಗಿಗೆ ನಾನೂ ದನಿಗೂಡಿಸುತ್ತೇನೆ.

ಆದರೆ 'ಸ್ಟೇಟ್ಸ್‌ಬರೋ ಬ್ಲೂಸ್' ಕೇಳಿ. ಜಾರ್ಜಿಯಾದ ಕುರುಡು ಗಾಯಕ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್ 1928ರಲ್ಲಿ ಒಬ್ಬನೇ ಗಿಟಾರ್ ಹಿಡಿದು ಹಾಡಿದ ಹಾಡು. ಅದನ್ನು ತಾಜ್ ಮಹಲ್ ಎಂಬ ಗಾಯಕ ರಾಕ್ ತಂಡದೊಂದಿಗೆ ಹಾಡಿದ. ಆ ರೆಕಾರ್ಡನ್ನು ಡ್ವೇನ್‌ನ ತಮ್ಮ, ಬ್ಯಾಂಡಿನ ಗಾಯಕ ಗ್ರೆಗ್, ಅಣ್ಣನ ಹುಟ್ಟುಹಬ್ಬಕ್ಕೆ ಕೊಟ್ಟ, ಜೊತೆಗೆ ನೆಗಡಿಗೆಂದು ಒಂದು ಬಾಟಲಿ ಕೊರಿಸಿಡಿನ್ ಮಾತ್ರೆ. ಡ್ವೇನ್ ಮಾತ್ರೆ ಸುರಿದು ಖಾಲಿ ಗಾಜಿನ ಬಾಟಲಿಯನ್ನು ಉಂಗುರದ ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸಲು ಕಲಿತ. ರೆಕಾರ್ಡಿನ ಮೊದಲ ಹಾಡಿನಲ್ಲಿ ಕೇಳುವುದು ಆ ಗಾಜಿನ ಸದ್ದು. ನೀವು ಪಿಟೀಲಿನವರು, ಜಾರು ಎಂದರೆ ಏನೆಂದು ನಾನು ನಿಮಗೆ ಹೇಳಬೇಕಿಲ್ಲ.

'ಸ್ಟಾರ್ಮಿ ಮಂಡೇ'ಯಲ್ಲಿ ಗ್ರೆಗ್‌ನ ದನಿಯನ್ನೂ ಗಮನಿಸಿ. ಬಾಳಿನ ಎಲ್ಲ ಸೋಮವಾರಗಳನ್ನೂ ಕಂಡು ಸುಸ್ತಾದ ಮುದುಕನ ದನಿ. ಆ ರಾತ್ರಿ ಅವನಿಗೆ ಇಪ್ಪತ್ತಮೂರು ವರ್ಷ.

ಒಂದು ಮಾತು, ಬೇಸರಿಸಬೇಡಿ. ಖರಹರಪ್ರಿಯ ಎಂದು ಹೆಸರಿಟ್ಟು ಹತ್ತಿರ ಮಾಡಿಕೊಳ್ಳುವ ಮೊದಲು ಇದು ಬ್ಲೂಸ್‌ನ ಮಗು ಎಂಬುದನ್ನು ನೆನಪಿಡಿ. ಅದರ ನೋವಿಗೆ ಅದರದೇ ಊರಿದೆ.

ಮೇಕನ್ ದಾರಿ ಉತ್ತರಿಸುತ್ತಾರೆ:

ಆ ಊರು ಮೇಕನ್, ನನ್ನ ಮನೆಯಿಂದ ಒಂದೂವರೆ ಗಂಟೆಯ ದಾರಿ. ನಾನು ಧಾರವಾಡದವನು, ಅಟ್ಲಾಂಟಾದಲ್ಲಿ ನೆಲೆಸಿ ಹದಿನಾರು ವರ್ಷ ಕಳೆಯಿತು. ಅಕ್ಕ, ನಿಮ್ಮಣ್ಣನವರು ಇಲ್ಲಿದ್ದ ಕಾಲದಲ್ಲಿ ಈ ಬ್ಯಾಂಡು ಇಲ್ಲಿಯವರಿಗೆ ಮನೆಯ ಮಾತಾಗಿತ್ತು. ರೆಕಾರ್ಡಾದದ್ದು ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂದಲ್ಲಿ, ಬಿಲ್ ಗ್ರಹಾಂ ನಡೆಸುತ್ತಿದ್ದ ರಂಗಮಂದಿರದಲ್ಲಿ. ಆದರೆ ನಿಮ್ಮ ಕೈಯಲ್ಲಿರುವ ಹೊದಿಕೆಯ ಚಿತ್ರ ನ್ಯೂಯಾರ್ಕಿನದಲ್ಲ. ಜಿಮ್ ಮಾರ್ಷಲ್ ಅದನ್ನು ತೆಗೆದದ್ದು ಜಾರ್ಜಿಯಾದ ಮೇಕನ್ ಪಟ್ಟಣದಲ್ಲಿ. ಹೊದಿಕೆ ತಿರುಗಿಸಿದರೆ ಪೆಟ್ಟಿಗೆ ಹೊರುವ ಕೆಲಸಗಾರರು ಅದೇ ಗೋಡೆಯ ಮುಂದೆ ಇದ್ದಾರೆ. ಸಾಮಾನು ಹೊತ್ತವರಿಗೆ ಹಿಂಬದಿಯನ್ನು ಪೂರ್ತಿ ಬಿಟ್ಟುಕೊಟ್ಟದ್ದು ನನಗೆ ಬಹಳ ಇಷ್ಟ.

ಮೇಕನ್‌ನ ರೋಸ್ ಹಿಲ್ ಸ್ಮಶಾನಕ್ಕೆ ನಾನು ಮೂರು ಸಲ ಹೋಗಿದ್ದೇನೆ. ಓಕ್‌ಮಲ್ಗಿ ನದಿಯ ದಂಡೆಯ ಇಳಿಜಾರು, ಹಳೆಯ ಮರಗಳು, ಬೇಸಿಗೆಯಲ್ಲಿ ಜೀರುಂಡೆಗಳ ಸದ್ದು. ಮನೆಯಲ್ಲಿ ಜಾಗವಿಲ್ಲದ ಬ್ಯಾಂಡಿನ ಹುಡುಗರು ಅಲ್ಲಿಗೆ ಹೋಗಿ ಕೂತು ಹಾಡು ಕಟ್ಟುತ್ತಿದ್ದರು. ಎಲಿಜಬೆತ್ ರೀಡ್ ಅಲ್ಲಿಯ ಒಂದು ಕಲ್ಲಿನ ಮೇಲಿನ ಹೆಸರು, 1935ರಲ್ಲಿ ತೀರಿಕೊಂಡ ಹೆಂಗಸು. ಹಾಡು ಅವರ ಕುರಿತದ್ದಲ್ಲ. ಬ್ಯಾಂಡಿನ ಇನ್ನೊಬ್ಬ ಗಿಟಾರುಗಾರ ಡಿಕಿ ಬೆಟ್ಸ್ ಅದನ್ನು ಬೇರೊಬ್ಬಳನ್ನು ನೆನೆದು ಕಟ್ಟಿದ. ಅವಳ ಹೆಸರು ಹೇಳುವಂತಿರಲಿಲ್ಲ, ಹಾಗಾಗಿ ಕಲ್ಲಿನ ಮೇಲಿನ ಹೆಸರನ್ನು ಎರವಲು ಪಡೆದ. ನಾನು ಹೋದಾಗಲೆಲ್ಲ ಆ ಕಲ್ಲಿನ ಮುಂದೆ ಯಾರಾದರೂ ನಿಂತೇ ಇರುತ್ತಾರೆ.

ಡ್ವೇನ್ ಕೂಡ ಅಲ್ಲಿಯೇ ಇದ್ದಾನೆ. ಈ ರೆಕಾರ್ಡು 1971ರ ಜುಲೈನಲ್ಲಿ ಹೊರಬಂತು. ಅಕ್ಟೋಬರ್ 25ರಂದು ಮಾರಾಟಕ್ಕಾಗಿ ಅದಕ್ಕೆ ಚಿನ್ನದ ಮಾನ್ಯತೆ ಸಿಕ್ಕಿತು. ಅಕ್ಟೋಬರ್ 29ರಂದು ಮೇಕನ್‌ನ ರಸ್ತೆಯಲ್ಲಿ ಮೋಟಾರ್‌ಸೈಕಲ್ ಅಪಘಾತ. ಅವನಿಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಮರುವರ್ಷ ನವೆಂಬರ್ 11ರಂದು ಬೇಸ್ ನುಡಿಸುತ್ತಿದ್ದ ಬೆರ್ರಿ ಓಕ್ಲಿ ಅದೇ ಊರಿನಲ್ಲಿ, ಕೆಲವೇ ಬೀದಿಗಳ ಆಚೆ, ಅದೇ ರೀತಿ ಹೋದ. ಅವನಿಗೂ ಇಪ್ಪತ್ತನಾಲ್ಕೇ. ಇಬ್ಬರನ್ನೂ ಪಕ್ಕಪಕ್ಕದಲ್ಲಿ ಮಲಗಿಸಿದ್ದಾರೆ. ಗ್ರೆಗ್ 2017ರಲ್ಲಿ ಅಲ್ಲಿಗೆ ಬಂದ.

ಬ್ಲೂಸ್‌ನ ನೋವಿಗೆ ಅದರದೇ ಊರಿದೆ ಎಂದಿರಿ, ಒಪ್ಪುತ್ತೇನೆ. ಅದನ್ನೇ ಇನ್ನಷ್ಟು ಮುಂದೆ ಒಯ್ಯಬೇಕು. 'ವಿಪಿಂಗ್ ಪೋಸ್ಟ್' ಎಂದರೆ ಕಟ್ಟಿ ಚಾಟಿಯಲ್ಲಿ ಹೊಡೆಯುವ ಕಂಬ. ಗ್ರೆಗ್ ಅದನ್ನು ಪ್ರೇಮಭಂಗಕ್ಕೆ ಉಪಮೆಯಾಗಿ ಬಳಸಿದ. ಜಾರ್ಜಿಯಾದ ನೆಲದಲ್ಲಿ ಆ ಕಂಬ ಬರೀ ಉಪಮೆಯಲ್ಲ. ಈ ಊರಿನಲ್ಲಿ 1969ರಲ್ಲಿ ಕರಿಯ ಡೋಲುಗಾರ ಜೈಮೋ ಐವರು ಬಿಳಿಯರೊಂದಿಗೆ ಒಂದೇ ಮನೆಯಲ್ಲಿದ್ದು ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಅವರ ಹೊಟ್ಟೆ ತುಂಬಿಸಿದವರು ಲೂಯಿಸ್ ಹಡ್ಸನ್ ಎಂಬ ಕಪ್ಪು ಮಹಿಳೆ, ಎಚ್ ಅಂಡ್ ಎಚ್ ಎಂಬ ಖಾನಾವಳಿಯವರು. ಎಲ್ಲರೂ ಅವರನ್ನು ಮಾಮಾ ಲೂಯಿಸ್ ಎನ್ನುತ್ತಿದ್ದರು. ದುಡ್ಡು ಬಂದ ಮೇಲೆ ಹುಡುಗರು ಅವರನ್ನು ಮರೆಯಲಿಲ್ಲ, ತಮ್ಮ ಜೊತೆ ಕಛೇರಿಗಳ ಪ್ರವಾಸಕ್ಕೂ ಕರೆದೊಯ್ದರು. ಆ ಊಟ ಈ ರೆಕಾರ್ಡಿನ ಒಳಗಿದೆ ಎಂದು ನಾನು ನಿಜವಾಗಿಯೂ ನಂಬುತ್ತೇನೆ. ಆರು ಜನ ಹೀಗೆ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳುತ್ತಾ ನುಡಿಸುವುದು ಬೇರೆಬೇರೆ ತಟ್ಟೆಯಲ್ಲಿ ಉಂಡವರಿಂದ ಆಗುವ ಕೆಲಸವಲ್ಲ.

ತಕಿಟ ಉತ್ತರಿಸುತ್ತಾರೆ:

ನಾನು ಮೃದಂಗದವನು. ಕುಕ್ಕರಹಳ್ಳಿಯವರೇ, ನಿಮ್ಮ ಅಣ್ಣನ ಬೆರಳುಗಳ ಬಗ್ಗೆ ಬರೆದ ಸಾಲನ್ನು ಓದಿ ಮೈ ನಡುಗಿತು. ಬೇರೆಯವರು ಅದನ್ನು ದಾಟಿ ಹೋಗಿದ್ದಾರೆ, ನಾನು ಅಲ್ಲೇ ನಿಂತುಬಿಟ್ಟೆ.

ನಿಮ್ಮ ಸೂಜಿ ಹಾರುವ ಜಾಗದಲ್ಲಿ ಏನಿದೆ ಗೊತ್ತೇ? ಬೆರ್ರಿ ಓಕ್ಲಿಯ ಬೇಸ್ ಒಂದೇ ಶುರುವಾಗುತ್ತದೆ. ಮೂರು, ಮೂರು, ಮೂರು, ಎರಡು. ಬಾಯಲ್ಲಿ ಹೇಳಿಕೊಳ್ಳಿ:

ತಕಿಟ ತಕಿಟ ತಕಿಟ ತಕ, ತಕಿಟ ತಕಿಟ ತಕಿಟ ತಕ.

ಹನ್ನೊಂದು. ಹಾಡಿನ ಸಾಲು ಬಂದ ಕೂಡಲೇ ಲೆಕ್ಕ ಆರಕ್ಕೆ ತಿರುಗಿ ಹಗುರವಾಗುತ್ತದೆ. ಆ ಮೊದಲ ಸುತ್ತು ಮರಳಿದಾಗಲೆಲ್ಲ ಮತ್ತೆ ಹನ್ನೊಂದು. ನಮ್ಮಲ್ಲಿ ಮಿಶ್ರಜಾತಿ ತ್ರಿಪುಟಕ್ಕೂ ಹನ್ನೊಂದು ಅಕ್ಷರವೇ, ಆದರೆ ಅದರ ಅಂಗ ಏಳು, ಎರಡು, ಎರಡು. ಇಲ್ಲಿಯ ನಡೆ ಬೇರೆ. ಮೂರರಲ್ಲಿ ಉರುಳುತ್ತಾ ಬಂದು ಕೊನೆಯಲ್ಲಿ ಒಂದು ಮೆಟ್ಟಿಲು ಇಲ್ಲದಂತಾಗಿ ಮುಂದಿನ ಸುತ್ತಿಗೆ ಬೀಳುತ್ತೇವೆ. ಚಾಟಿಯ ಏಟಿನ ಹಾಡಿಗೆ ಇದಕ್ಕಿಂತ ತಕ್ಕ ಲೆಕ್ಕ ನನಗೆ ಹೊಳೆಯುವುದಿಲ್ಲ. ಗ್ರೆಗ್ ಇದನ್ನು ಎಣಿಸಿ ಕಟ್ಟಿದವನಲ್ಲ. ಹನ್ನೊಂದರ ಲೆಕ್ಕ ನಿನಗೆ ಗೊತ್ತಿದೆಯೆಂದು ತಿಳಿದಿರಲಿಲ್ಲ ಎಂದು ಅಣ್ಣ ಡ್ವೇನ್ ಅಚ್ಚರಿಪಟ್ಟಾಗ, ತಾನು ಕಟ್ಟಿದ್ದು ಹನ್ನೊಂದು ಎಂಬುದೇ ಅವನಿಗೆ ಗೊತ್ತಿರಲಿಲ್ಲವಂತೆ.

ಹಳೆಯ ಕ್ಯಾಸೆಟ್ ಅವರೊಂದಿಗೆ ನನ್ನ ಜಗಳವಿದೆ. ಈ ಹಾಡು 1969ರ ಮೊದಲ ರೆಕಾರ್ಡಿನಲ್ಲಿ ಐದು ನಿಮಿಷ ಚಿಲ್ಲರೆ ಮಾತ್ರ ಇತ್ತು. ಇಲ್ಲಿ ಇಪ್ಪತ್ತಮೂರು ನಿಮಿಷ. ಆ ಹದಿನೆಂಟು ನಿಮಿಷದಲ್ಲಿ ಬೆಳೆದದ್ದನ್ನು ಉದ್ದ ಎನ್ನಲಾಗದು. ಜೈಮೋ ಜಾಝ್‌ನಿಂದ ಬಂದವನು, ಡ್ವೇನ್‌ಗೆ ಮೈಲ್ಸ್ ಡೇವಿಸ್ ಮತ್ತು ಕೋಲ್ಟ್ರೇನ್ ಅವರನ್ನು ಕೇಳುವ ಹುಚ್ಚು ಹತ್ತಿಸಿದವನೂ ಅವನೇ. ಬುಚ್ ಟ್ರಕ್ಸ್ ರೈಲಿನಂತೆ ನೇರ ಓಡಿಸುತ್ತಾನೆ, ಜೈಮೋ ಆ ಹಳಿಯ ಸುತ್ತ ಗಾಳಿಯಂತೆ ಆಡುತ್ತಾನೆ. ಇಬ್ಬರು ಡೋಲುಗಾರರು ಒಬ್ಬರ ಮೇಲೊಬ್ಬರು ಬೀಳದೆ ಇಷ್ಟು ಹೊತ್ತು ಇರುವುದು ಎಷ್ಟು ಕಷ್ಟ ಎಂದು ಘಟ, ಖಂಜಿರಗಳೊಂದಿಗೆ ತನಿ ನುಡಿಸಿದವರಿಗೆ ಗೊತ್ತು. ಹಾಡಿನ ನಡುವೆ ಎಲ್ಲವೂ ಕರಗಿ ಲಯವೇ ಇಲ್ಲವೇನೋ ಎನ್ನುವಷ್ಟು ನಿಧಾನವಾಗುವ ಜಾಗವಿದೆ. ಅಲ್ಲಿ ಹೆಡ್‌ಫೋನ್ ತೆಗೆಯಬೇಡಿ.

ಇನ್ನೊಂದು. ಹಾಡು ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ, ಆದರೆ ಅವರು ನಿಲ್ಲಿಸುವುದಿಲ್ಲ. ಟ್ರಕ್ಸ್ ಟಿಂಪನಿ ಎಂಬ ದೊಡ್ಡ ನಗಾರಿ ಬಾರಿಸುತ್ತಿರುತ್ತಾನೆ, ಗಿಟಾರು ಬೇರೆ ಯಾವುದೋ ರಾಗಕ್ಕೆ ಕೈ ಹಾಕುತ್ತದೆ. ಅಷ್ಟರಲ್ಲಿ ರೆಕಾರ್ಡಿನ ಸದ್ದು ಇಳಿದು ಹೋಗುತ್ತದೆ. ಅದರ ಮುಂದಿನ ಭಾಗ 'ಮೌಂಟನ್ ಜ್ಯಾಮ್', ಮೂವತ್ತಮೂರು ನಿಮಿಷ. ಡ್ವೇನ್ ಹೋದ ಮೇಲೆ 1972ರಲ್ಲಿ ಬಂದ 'ಈಟ್ ಎ ಪೀಚ್' ಎಂಬ ಜೋಡಿ ರೆಕಾರ್ಡಿನ ಎರಡನೆಯ ಮತ್ತು ನಾಲ್ಕನೆಯ ಮಗ್ಗುಲುಗಳಲ್ಲಿದೆ. ಅದು ಮಾರ್ಚ್ 13ರ ಎರಡನೆಯ ಪ್ರದರ್ಶನ. ಬಾಂಬಿನ ಬೆದರಿಕೆಯಿಂದ ತಡವಾಗಿ ಶುರುವಾಗಿ ಬೆಳಗಿನ ಜಾವದವರೆಗೂ ನಡೆದ ಕಛೇರಿ.

ಕುಕ್ಕರಹಳ್ಳಿ ಮತ್ತೆ ಬರೆಯುತ್ತಾರೆ:

ಎಲ್ಲರಿಗೂ ನಮಸ್ಕಾರ. ಉತ್ತರಿಸಲು ಹತ್ತು ದಿನ ಹಿಡಿಯಿತು. ರೆಕಾರ್ಡು ಬರುವವರೆಗೆ ಮೊಬೈಲಿನಲ್ಲಿ ಕೇಳಬಾರದೆಂದು ಹಟ ಹಿಡಿದಿದ್ದೆ.

ಹಳೆಯ ಕ್ಯಾಸೆಟ್ ಅವರೇ, ಮೂಲ ಜೋಡಣೆಯನ್ನೇ ತರಿಸಿದೆ. ಗಾಜಿನ ಬಾಟಲಿಯ ಸಂಗತಿ ತಿಳಿದ ಮೇಲೆ ಮೊದಲ ಮಗ್ಗುಲು ಬೇರೆಯಾಗಿಯೇ ಕೇಳಿತು. ನಮ್ಮ ಜಾರಿನಲ್ಲಿ ಬೆರಳು ಮುಟ್ಟುವ ಸ್ವರ ಮೊದಲೇ ಗೊತ್ತಿರುತ್ತದೆ. ಡ್ವೇನ್ ಕೆಲವೊಮ್ಮೆ ಸ್ವರದ ಕೆಳಗೇ ನಿಂತು ಅದನ್ನು ಮುಟ್ಟದೆ ಕಾಡಿಸುತ್ತಾನೆ. ಅದು ಶ್ರುತಿದೋಷವಲ್ಲ ಎಂದು ಕಿವಿಗೆ ಒಪ್ಪಿಸಲು ನನಗೆ ಎರಡು ದಿನ ಬೇಕಾಯಿತು. ನೀವು ಹೇಳಿದ ಊರು ಅದೇ ಇರಬೇಕು. ಆದರೆ ಎಲಿಜಬೆತ್ ರೀಡನ್ನು ನಾನು ಬಿಟ್ಟುಕೊಡುವುದಿಲ್ಲ. ಬೆಟ್ಸ್ ಮೊದಲು ನುಡಿಸಿ, ಆರ್ಗನ್ ಬಂದು, ನಂತರ ಡ್ವೇನ್ ತನ್ನ ಸರದಿಯನ್ನು ಅಷ್ಟು ಮೆಲ್ಲಗೆ ತೊಡಗಿ ಕೊನೆಗೆ ಏರುತ್ತಾನಲ್ಲ, ಅದನ್ನು ಮಕ್ಕಳಿಗೂ ಕೇಳಿಸಿದೆ. ಆಲಾಪನೆಯನ್ನು ತಾರಸ್ಥಾಯಿಗೆ ಒಯ್ಯಲು ಅವಸರಪಡುವ ಒಬ್ಬ ಹುಡುಗನಿದ್ದಾನೆ, ಅವನಿಗೆ ಎರಡು ಸಲ ಕೇಳಿಸಿದೆ.

ಮೇಕನ್ ದಾರಿಯವರೇ, ಹೊದಿಕೆಯನ್ನು ತಿರುಗಿಸಿ ನೋಡಿದೆ. ಇಷ್ಟು ದಿನ ಅವರೂ ಬ್ಯಾಂಡಿನವರೇ ಎಂದುಕೊಂಡಿದ್ದೆ. ಅಣ್ಣ ಅಲ್ಲಿದ್ದಾಗ ಬರೆದ ಒಂದು ಕಾಗದದಲ್ಲಿ ಗೆಳೆಯರೊಂದಿಗೆ ಬಸ್ಸಿನಲ್ಲಿ ಮೇಕನ್‌ಗೆ ಹೋಗಿಬಂದೆ, ಊಟ ಚೆನ್ನಾಗಿತ್ತು ಎಂದಿದೆ. ಯಾಕೆ ಹೋದ ಎಂದು ಬರೆದಿಲ್ಲ. ಅಮ್ಮನಿಗೆ ಸ್ಮಶಾನ ನೋಡಲು ಹೋಗಿದ್ದೆ ಎಂದು ಬರೆಯುವುದಾದರೂ ಹೇಗೆ?

ತಕಿಟ ಅವರೇ, ನಿಮಗೆ ಏನು ಬರೆಯಲಿ. ಭಾನುವಾರ ಊಟವಾದ ಮೇಲೆ ಅಣ್ಣನ ಹೆಡ್‌ಫೋನನ್ನೇ ಹಾಕಿಕೊಂಡು ಅವನ ಕುರ್ಚಿಯಲ್ಲಿ ಕೂತೆ. ಸಭೆಯಲ್ಲಿ ಒಬ್ಬ ಹಾಡಿನ ಹೆಸರು ಕೂಗಿದ. ಬೇಸ್ ಶುರುವಾಯಿತು. ತೊಡೆಯ ಮೇಲೆ ಬೆರಳಿಟ್ಟು ತಕಿಟ ತಕಿಟ ತಕಿಟ ತಕ ಎಂದು ಹಾಕಿದೆ. ಪ್ರತಿ ಸುತ್ತೂ ಕೂತಿತು. ನಲವತ್ತು ವರ್ಷದ ಹಿಂದೆ ನಾನು ನೋಡಿದ್ದು ಇದನ್ನೇ. ಅವನು ಒಮ್ಮೆಯೂ ತಪ್ಪಿರಲಿಲ್ಲ. ನಾನು ಹನ್ನೆರಡು ಎಣಿಸುತ್ತಿದ್ದೆ.

ಕೊನೆಯಲ್ಲಿ ಟಿಂಪನಿ ಬಂತು, ನೀವು ಹೇಳಿದಂತೆ ಸದ್ದು ಇಳಿಯಿತು. ಎದ್ದು ಹೋಗಿ ಟ್ರಂಕು ತೆಗೆದೆ. ತಳದಲ್ಲಿ, ದೊಡ್ಡದೊಂದು ಪೀಚ್ ಹಣ್ಣನ್ನು ಹೊತ್ತ ಲಾರಿಯ ಚಿತ್ರವಿರುವ ಜೋಡಿ ರೆಕಾರ್ಡು ಇತ್ತು. ಮಕ್ಕಳ ರೆಕಾರ್ಡೆಂದು ತಿಳಿದು ನಾನೇ ಪಕ್ಕಕ್ಕೆ ಇಟ್ಟಿದ್ದೆ. ಎರಡನೆಯ ಮಗ್ಗುಲಿನ ಮೇಲೆ ಒಂದು ಗೀರೂ ಇಲ್ಲ. ಸಂಜೆ ಪಾಠಕ್ಕೆ ಬಂದ ಮಕ್ಕಳನ್ನು ಅರ್ಧ ಗಂಟೆ ಹೊರಗಿನ ಜಗಲಿಯಲ್ಲಿ ಕೂರಿಸಿದೆ.